ಬಂಡಿಯ ಕುಲುಕಾಟವೂ ಆಂದೋಲನ ಶಾಸ್ತ್ರವೂ

ಬಸ್ಸಿನ ಕಟ್ಟಕಡೆಯ ಸಾಲಿನಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆ ಆ ಅನುಭವವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ರಸ್ತೆಯ ಉಬ್ಬೊಂದು ಎದುರಾದಾಗ ನಡುವಿನ ಸಾಲಿನವರು ಸ್ವಲ್ಪ ಅಲುಗಿ ಸುಮ್ಮನಾಗುತ್ತಾರೆ. ಹಿಂದಿನವರಾದರೋ ಆಸನದಿಂದ ಮೇಲಕ್ಕೆ ಚಿಮ್ಮಿ, ಮತ್ತೆ ಅದರ ಮೇಲೆಯೇ ಕುಕ್ಕರಿಸಿ ಬೀಳುತ್ತಾರೆ. ಚಾಲಕನನ್ನೋ ರಸ್ತೆಯನ್ನೋ ನಿಂದಿಸಿ ನಾವು ಸಮಾಧಾನ ತಂದುಕೊಳ್ಳುತ್ತೇವೆ. ಆದರೆ ತುಸು ಗಮನವಿಟ್ಟು ನೋಡಿದರೆ ಇಲ್ಲಿ ಎರಡು ಬಗೆಯ ಚಲನೆಗಳಿರುವುದು ತಿಳಿಯುತ್ತದೆ. ಉಬ್ಬಿನ ಮೇಲೆ ಗಾಲಿ ಹತ್ತಿದ ಕ್ಷಣದ ಏಟು ಒಂದು. ಉಬ್ಬು ಹಿಂದೆ ಸರಿದ ಮೇಲೂ ಬಸ್ಸು ಮೇಲಕ್ಕೂ ಕೆಳಕ್ಕೂ ತೂಗಾಡುತ್ತಲೇ ಇರುವುದು ಇನ್ನೊಂದು. ಮೊದಲನೆಯದಕ್ಕೆ ರಸ್ತೆ ಹೊಣೆ. ಎರಡನೆಯದಕ್ಕೆ ಬಸ್ಸೇ ಹೊಣೆ.

ಸಂತೆಗೆ ಮಡಕೆಗಳನ್ನು ಸಾಗಿಸುವ ಕುಂಬಾರನು ಗಾಡಿಯಲ್ಲಿ ದಪ್ಪವಾಗಿ ಹುಲ್ಲನ್ನು ಹಾಸಿ ಅದರ ಮೇಲೆ ಮಡಕೆಗಳನ್ನು ಜೋಡಿಸುತ್ತಾನೆ. ಹುಲ್ಲು ಮೆತ್ತಗಿದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ರಬ್ಬರಿನ ಚೆಂಡುಗಳೂ ಮೆತ್ತಗಿರುತ್ತವೆ. ಆದರೆ ಅವುಗಳ ಮೇಲೆ ಕೂರಿಸಿದ ಮಡಕೆಗಳು ಕುಣಿಕುಣಿದು ಒಂದಕ್ಕೊಂದು ತಾಗಿ ಒಡೆದಾವು. ಹುಲ್ಲು ತಾನು ಪಡೆದ ಏಟನ್ನು ಹಿಂದಕ್ಕೆ ಕೊಡುವುದು ಅತ್ಯಲ್ಪ; ಅದರ ಎಳೆಗಳು ಪರಸ್ಪರ ಉಜ್ಜಿ ಆ ಶಕ್ತಿಯನ್ನು ನುಂಗಿಬಿಡುತ್ತವೆ. ಮೆತ್ತಗಿರುವುದು ಬೇರೆ, ನುಂಗುವುದು ಬೇರೆ. ವಾಹನಗಳ ನೆಮ್ಮದಿಯ ಓಟವೂ, ಅದಕ್ಕಿಂತ ಮುಖ್ಯವಾಗಿ ಪ್ರಯಾಣಿಕರ ಕ್ಷೇಮವೂ ಈ ಎರಡು ಗುಣಗಳ ಹೊಂದಾಣಿಕೆಯನ್ನೇ ಅವಲಂಬಿಸಿವೆ. ಆ ಹೊಂದಾಣಿಕೆ ಎಂತಹುದೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಕಮಾನು ಮಾಡುವುದೇನು?

ಸಾಮಾನ್ಯ ಎತ್ತಿನ ಗಾಡಿಯಲ್ಲಿ ಅಚ್ಚಿಗೂ ಮೇಲಿನ ಭಾಗಕ್ಕೂ ನಡುವೆ ಯಾವ ಕಮಾನೂ ಇರುವುದಿಲ್ಲ. ಗಾಲಿಯು 5 ಸೆಂಟಿಮೀಟರು ಎತ್ತರದ ಕಲ್ಲನ್ನು ಹತ್ತಿದರೆ ಅದರ ಮೇಲಿನ ಹೊರೆಯೂ ಅದರೊಡನೆಯೇ ಏರಬೇಕು. ಗಾಡಿ ನಿಧಾನವಾಗಿ ಸಾಗುವವರೆಗೆ ಇದು ಸಹ್ಯ. ಆದರೆ ವೇಗ ಎರಡರಷ್ಟಾದರೆ ಅದೇ ಎತ್ತರವನ್ನು ಅರ್ಧ ಕಾಲದಲ್ಲಿ ಏರಬೇಕಾಗುತ್ತದೆ. ಅದಕ್ಕೆ ಬೇಕಾದ ವೇಗೋತ್ಕರ್ಷ ನಾಲ್ಕರಷ್ಟಾಗುತ್ತದೆ, ಏಟೂ ನಾಲ್ಕರಷ್ಟಾಗುತ್ತದೆ. ಕುದುರೆಗಳ ಸಾರೋಟುಗಳು ವೇಗವಾಗಿ ಓಡತೊಡಗಿದಂತೆ ಈ ತೊಂದರೆ ದುಸ್ಸಹವಾಯಿತು. ಲಂಡನ್ನಿನಲ್ಲಿ ಬಂಡಿಗಳನ್ನು ಕಟ್ಟುತ್ತಿದ್ದ ಒಬಡಯ ಎಲಿಯಟ್ ಎಂಬಾತನು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಅಂಡಾಕಾರದ ಕಮಾನಿಗೆ 1804ರಲ್ಲಿ ಹಕ್ಕುಪತ್ರವನ್ನು ಪಡೆದನು. ಇಂದಿನ ಲಾರಿಗಳ ಅಡಿಯಲ್ಲಿ ಕಾಣುವ ಪಟ್ಟಿಯ ಕಮಾನು ಅದೇ ಕುಲಕ್ಕೆ ಸೇರಿದ್ದು.

ಕಮಾನು ಏಟನ್ನು ನಾಶಮಾಡುವುದಿಲ್ಲ, ಅದನ್ನು ಮುಂದೂಡುತ್ತದೆ. ಗಾಲಿ ತಟ್ಟನೆ ಮೇಲೆದ್ದಾಗ ಕಮಾನು ಕುಗ್ಗಿ, ಆ ಶಕ್ತಿಯನ್ನು ತನ್ನಲ್ಲಿ ಕೂಡಿಟ್ಟುಕೊಂಡು, ಬಳಿಕ ಸಾವಕಾಶವಾಗಿ ಬಂಡಿಯ ಒಡಲಿಗೆ ಒಪ್ಪಿಸುತ್ತದೆ. ಆದಕಾರಣ ಒಡಲು ಮೇಲೆ ಕೆಳಗೆ ತೂಗುತ್ತದೆ. ಈ ತೂಗಾಟವೇ ಆಂದೋಲನ. ಒಂದು ತೂಗಾಟಕ್ಕೆ ಹಿಡಿಯುವ ಕಾಲಕ್ಕೆ ಆವರ್ತಕಾಲವೆಂದೂ, ಒಂದು ಸೆಕೆಂಡಿನಲ್ಲಿ ಆಗುವ ತೂಗಾಟಗಳ ಸಂಖ್ಯೆಗೆ ಆವೃತ್ತಿಯೆಂದೂ ಹೆಸರು. ಆವೃತ್ತಿಯ ಮಾನ ಹರ್ಟ್ಸ್.

ಯಾವುದೇ ವಾಹನದ ಸಹಜ ಆವೃತ್ತಿಯನ್ನು ತಿಳಿಯಲು ಒಂದು ಸುಲಭವಾದ ದಾರಿಯಿದೆ. ವಾಹನದ ಭಾರದಿಂದ ಕಮಾನು ಎಷ್ಟು ಸೆಂಟಿಮೀಟರು ಕುಗ್ಗಿ ನಿಂತಿದೆ ಎಂಬುದನ್ನು ಅಳೆದು, ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ ಆಯಿತು. ಕುಗ್ಗುವಿಕೆ 1 ಸೆಂಟಿಮೀಟರಾದರೆ ಆವೃತ್ತಿ 5 ಹರ್ಟ್ಸ್. 16 ಸೆಂಟಿಮೀಟರಾದರೆ 1.25 ಹರ್ಟ್ಸ್, 25 ಸೆಂಟಿಮೀಟರಾದರೆ 1 ಹರ್ಟ್ಸ್. ಖಾಲಿ ಲಾರಿ ತುಂಬಿದ ಲಾರಿಗಿಂತ ಹೆಚ್ಚಾಗಿ ಎಗರಾಡುವುದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ದೊರೆಯುತ್ತದೆ. ಪೂರ್ಣಭಾರದಲ್ಲಿ 16 ಸೆಂಟಿಮೀಟರು ಕುಗ್ಗುವ ಕಮಾನಿನ ಮೇಲಿನ ಭಾರವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಿದರೆ, ಅದು ಕುಗ್ಗುವುದು 4 ಸೆಂಟಿಮೀಟರು ಮಾತ್ರ. ಆಗ ಆವೃತ್ತಿ 2.5 ಹರ್ಟ್ಸ್‌ಗೆ ಏರುತ್ತದೆ, ತೂಗಾಟ ಕುಲುಕಾಟವಾಗುತ್ತದೆ.

ಹಾಗಾದರೆ ಕಮಾನನ್ನು ಇನ್ನೂ ಮೆತ್ತಗೆ ಮಾಡಬಾರದೇಕೆ? ಆವೃತ್ತಿಯನ್ನು ಅರ್ಧ ಹರ್ಟ್ಸ್‌ಗೆ ಇಳಿಸಬೇಕಾದರೆ ಕಮಾನು 1 ಮೀಟರಿನಷ್ಟು ಕುಗ್ಗಬೇಕು. ಅಷ್ಟು ಸ್ಥಳ ವಾಹನದ ಅಡಿಯಲ್ಲಿಲ್ಲ. ಇದ್ದರೂ ಪ್ರಯೋಜನವಿಲ್ಲ, ಅರ್ಧ ಹರ್ಟ್ಸ್‌ಗಿಂತ ನಿಧಾನವಾದ ತೂಗಾಟ ಹಡಗಿನ ಹೊಯ್ದಾಟದಂತೆ ಓಕರಿಕೆಯನ್ನು ತರುತ್ತದೆ. ಇನ್ನೊಂದು ಕಡೆ, ಕುಳಿತ ಮನುಷ್ಯನ ಶರೀರವು ಮೇಲೆ ಕೆಳಗಿನ ಕಂಪನಗಳಲ್ಲಿ 4ರಿಂದ 8 ಹರ್ಟ್ಸ್ ವರೆಗಿನವುಗಳಿಗೆ ಅತ್ಯಂತ ಬೇಗ ನೋಯುತ್ತದೆ. ಈ ಎರಡು ಎಲ್ಲೆಗಳ ನಡುವೆ, 1ರಿಂದ 1.5 ಹರ್ಟ್ಸ್‌ಗಳ ಸುತ್ತಮುತ್ತ, ಕಾರುಗಳ ಒಡಲಿನ ಆವೃತ್ತಿಯನ್ನು ಇರಿಸುವುದು ವಾಡಿಕೆ.

ಶಕ್ತಿಯನ್ನು ನುಂಗುವ ಎಣ್ಣೆ

ಕಮಾನೊಂದೇ ಇದ್ದು ಬೇರಾವ ತಡೆಯೂ ಇಲ್ಲದಿದ್ದರೆ, ಒಂದು ಉಬ್ಬನ್ನು ದಾಟಿದ ವಾಹನ ಊರು ಮುಟ್ಟುವವರೆಗೂ ತೂಗಾಡುತ್ತಲೇ ಇರಬೇಕಾಗಿತ್ತು. ಹಾಗಾಗದಂತೆ ಆಂದೋಲನದ ಶಕ್ತಿಯನ್ನು ಬರಬರುತ್ತ ಕಳೆಯುವ ಕ್ರಿಯೆಗೆ ಅವಮಂದನವೆಂದು ಹೆಸರು. ಪಟ್ಟಿಯ ಕಮಾನಿನಲ್ಲಿ ಪಟ್ಟಿಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ಘರ್ಷಣೆಯಿಂದ ಸ್ವಲ್ಪ ಅವಮಂದನ ತಾನಾಗಿಯೇ ದೊರೆಯುತ್ತದೆ. ಆದರೆ ಒಣ ಘರ್ಷಣೆಯಲ್ಲಿ ಒಂದು ದೋಷವುಂಟು. ಬಲವು ಒಂದು ಮಿತಿಯನ್ನು ಮೀರುವವರೆಗೆ ಪಟ್ಟಿಗಳು ಜಾರುವುದೇ ಇಲ್ಲ. ಆದ್ದರಿಂದ ರಸ್ತೆಯ ಸಣ್ಣಪುಟ್ಟ ಒರಟುಗಳೆಲ್ಲ ಕಮಾನೇ ಇಲ್ಲವೇನೋ ಎಂಬಂತೆ ನೇರವಾಗಿ ಮೇಲಕ್ಕೆ ಬರುತ್ತವೆ.

ಈ ಕೊರತೆಯನ್ನು ನೀಗಿಸುವುದು ಎಣ್ಣೆಯ ಅವಮಂದಕ. ಗ್ಯಾರೇಜುಗಳಲ್ಲಿ ಇದನ್ನು ಷಾಕ್ ಅಬ್ಸಾರ್ಬರ್ ಎನ್ನುತ್ತಾರೆ. ಎಣ್ಣೆ ತುಂಬಿದ ಒಂದು ಕೊಳವೆ; ಅದರೊಳಗೆ ಸಣ್ಣ ರಂಧ್ರಗಳೂ ಕವಾಟಗಳೂ ಉಳ್ಳ ಒಂದು ಪಿಸ್ಟನ್; ಕೊಳವೆಯ ಒಂದು ತುದಿ ಗಾಲಿಯ ಕಡೆಗೂ ಇನ್ನೊಂದು ತುದಿ ಒಡಲಿನ ಕಡೆಗೂ ಬಿಗಿದಿರುತ್ತದೆ. ಒಡಲು ತೂಗುವಾಗ ಪಿಸ್ಟನ್ನು ಎಣ್ಣೆಯನ್ನು ರಂಧ್ರಗಳ ಮೂಲಕ ಹಿಂಡುತ್ತದೆ. ಎಣ್ಣೆಯು ಒಡ್ಡುವ ತಡೆ ಚಲನೆಯ ವೇಗದೊಡನೆ ಹೆಚ್ಚುತ್ತದೆ. ನಿಧಾನವಾಗಿ ಒತ್ತಿದರೆ ಸುಲಭವಾಗಿ ಸರಿದುಕೊಡುತ್ತದೆ, ರಭಸದಿಂದ ಒತ್ತಿದರೆ ಬಲವಾಗಿ ಎದುರಿಸುತ್ತದೆ. ಕಳೆದ ಶಕ್ತಿಯೆಲ್ಲವೂ ಉಷ್ಣವಾಗಿ ಮಾರ್ಪಡುತ್ತದೆ. ಕೆಟ್ಟ ರಸ್ತೆಯಲ್ಲಿ ಬಹು ದೂರ ಓಡಿ ಬಂದ ವಾಹನದ ಈ ಕೊಳವೆ ಬಿಸಿಯಾಗಿರುವುದು ಇದಕ್ಕೆ ಸಾಕ್ಷಿ.

ಷಾಕ್ ಅಬ್ಸಾರ್ಬರ್ ಎಂಬ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಏಟನ್ನು ಮೊದಲು ಹೊರುವುದು ಟೈರೂ ಕಮಾನೂ. ಈ ಉಪಕರಣ ನುಂಗುವುದು ಏಟಿನ ಅನಂತರದ ಕುಣಿತವನ್ನು.

ಎಷ್ಟು ಅವಮಂದನ ಬೇಕು? ಒತ್ತಿ ಬಿಟ್ಟ ಒಡಲು ಒಮ್ಮೆಯೂ ಆಚೆಗೆ ದಾಟದೆ, ಆದಷ್ಟು ಬೇಗ ತನ್ನ ಸ್ಥಾನಕ್ಕೆ ಮರಳುವಷ್ಟು ಅವಮಂದನಕ್ಕೆ ಕ್ರಾಂತಿಕ ಅವಮಂದನವೆನ್ನುತ್ತಾರೆ. ಇದನ್ನು ನೂರು ಎಂದು ಎಣಿಸಿ ಬೇರೆ ಅವಮಂದನಗಳನ್ನು ಅಳೆಯುವುದು ಪದ್ಧತಿ. ಶೇಕಡ 10ರಷ್ಟು ಅವಮಂದನವಿದ್ದಲ್ಲಿ ಒಂದೊಂದು ತೂಗಾಟಕ್ಕೂ ಅದರ ವಿಸ್ತಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶೇಕಡ 30ರಷ್ಟಿದ್ದಲ್ಲಿ ಒಂದೇ ತೂಗಾಟದಲ್ಲಿ ಏಳನೆಯ ಒಂದು ಪಾಲಿಗೆ ಇಳಿದುಬಿಡುತ್ತದೆ. ಮೊದಲು 7 ಸೆಂಟಿಮೀಟರು ಇದ್ದದ್ದು ಮುಂದಿನ ಸುತ್ತಿಗೆ 1 ಸೆಂಟಿಮೀಟರು ಮಾತ್ರ. ಇದನ್ನು ಕೇಳಿದ ವಿದ್ಯಾರ್ಥಿಗೆ, ಹಾಗಿದ್ದರೆ ನೂರಕ್ಕೆ ನೂರು ಅವಮಂದನವನ್ನೇ ಇಟ್ಟರೆ ಎಲ್ಲಕ್ಕಿಂತ ಉತ್ತಮವಲ್ಲವೆ ಎಂಬ ಸಂದೇಹ ಹುಟ್ಟುವುದು ಸಹಜ. ಒಂದೇ ಒಂದು ಉಬ್ಬಿನ ಲೆಕ್ಕದಲ್ಲಿ ಅದು ಸರಿಯೆಂದು ತೋರಬಹುದು. ಆದರೆ ರಸ್ತೆಯಲ್ಲಿ ಉಬ್ಬುಗಳು ಒಂಟಿಯಾಗಿ ಬರುವುದಿಲ್ಲ.

ರಸ್ತೆಯೇ ಜೀಕುವಾಗ

ಪಂಚಮಿ ಹಬ್ಬದ ಜೋಕಾಲಿಯನ್ನು ಜೀಕಿದವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಜೋಕಾಲಿಯ ಲಯವನ್ನು ಅರಿತು ಹದವಾದ ಕ್ಷಣದಲ್ಲಿ ಜೀಕಿದರೆ ಕೊಂಚ ಬಲದಿಂದಲೇ ಅದು ಮರದ ಕೊಂಬೆಯ ಎತ್ತರಕ್ಕೆ ಏರುತ್ತದೆ. ಲಯ ತಪ್ಪಿ ಜೀಕಿದರೆ ಎಷ್ಟು ದಣಿದರೂ ಏರದು. ಹೊರಗಿನಿಂದ ಮತ್ತೆ ಮತ್ತೆ ಬೀಳುವ ಬಲದಿಂದ ನಡೆಯುವ ಇಂತಹ ತೂಗಾಟಕ್ಕೆ ಪ್ರೇರಿತ ಆಂದೋಲನವೆಂದೂ, ಬಲದ ಆವೃತ್ತಿ ಸಹಜ ಆವೃತ್ತಿಗೆ ಸರಿಹೊಂದಿದಾಗ ವಿಸ್ತಾರ ಬೆಳೆಯುವುದಕ್ಕೆ ಅನುರಣನವೆಂದೂ ಹೆಸರು. ಪ್ರತಿ ಜೀಕಿನಲ್ಲಿ ಸೇರುವ ಶಕ್ತಿಯೂ ಪ್ರತಿ ತೂಗಾಟದಲ್ಲಿ ಕಳೆಯುವ ಶಕ್ತಿಯೂ ಸಮನಾಗುವವರೆಗೆ ಈ ಬೆಳವಣಿಗೆ ನಡೆಯುತ್ತದೆ. ಕಳೆಯುವ ದಾರಿ ಕಿರಿದಾದಷ್ಟೂ ಏರುವ ಎತ್ತರ ಹಿರಿದು.

ವಾಹನವನ್ನು ಜೀಕುವುದು ರಸ್ತೆ. ಅಲೆಯಲೆಯಾಗಿ ಏರಿಳಿಯುವ ರಸ್ತೆಯ ಮೇಲೆ ವಾಹನದ ವೇಗವನ್ನು ಅಲೆಯ ಉದ್ದದಿಂದ ಭಾಗಿಸಿದರೆ ಜೀಕಿನ ಆವೃತ್ತಿ ದೊರೆಯುತ್ತದೆ. ಸಹಜ ಆವೃತ್ತಿ 1.25 ಹರ್ಟ್ಸ್ ಇರುವ ಕಾರೊಂದು ಗಂಟೆಗೆ 36 ಕಿಲೋಮೀಟರಿನಂತೆ, ಅಂದರೆ ಸೆಕೆಂಡಿಗೆ 10 ಮೀಟರಿನಂತೆ ಸಾಗುತ್ತಿದ್ದರೆ, 8 ಮೀಟರು ಉದ್ದದ ಅಲೆಗಳು ಅದನ್ನು ಅನುರಣನಕ್ಕೆ ತರುತ್ತವೆ. 72 ಕಿಲೋಮೀಟರು ವೇಗದಲ್ಲಿ ಆ ಕೆಲಸವನ್ನು ಮಾಡುವುದು 16 ಮೀಟರಿನ ಅಲೆಗಳು. ಒಂದೇ ರಸ್ತೆ ಒಂದು ವೇಗದಲ್ಲಿ ಸುಖಕರವಾಗಿಯೂ ಮತ್ತೊಂದು ವೇಗದಲ್ಲಿ ದುಃಖಕರವಾಗಿಯೂ ಇರುವುದಕ್ಕೆ ಇದೇ ಕಾರಣ.

ಈಗ ಅವಮಂದನದ ಲೆಕ್ಕವನ್ನು ನೋಡೋಣ. ಅನುರಣನದ ಸ್ಥಿತಿಯಲ್ಲಿ ರಸ್ತೆಯ ಏರಿಳಿತ 1 ಸೆಂಟಿಮೀಟರಾದರೆ ಒಡಲಿನ ಏರಿಳಿತ, ಅವಮಂದನ ಶೇಕಡ 10 ಇದ್ದಾಗ ಸುಮಾರು 5 ಸೆಂಟಿಮೀಟರು. ಶೇಕಡ 30 ಇದ್ದಾಗ ಸುಮಾರು 2. ಶೇಕಡ 100 ಇದ್ದಾಗ 1.1. ಇಲ್ಲಿಗೆ ಹೆಚ್ಚು ಅವಮಂದನವೇ ಗೆದ್ದಿತು. ಆದರೆ ರಸ್ತೆಯ ಜೀಕು ಸಹಜ ಆವೃತ್ತಿಯ ನಾಲ್ಕರಷ್ಟು ಬೇಗನೆ ಬರುವ ಒರಟು ಹಾದಿಯಲ್ಲಿ ಫಲಿತಾಂಶ ತಲೆಕೆಳಗಾಗುತ್ತದೆ. ಶೇಕಡ 10ರ ಅವಮಂದನವಿದ್ದಲ್ಲಿ ಏರಿಳಿತದ ಹನ್ನೆರಡನೆಯ ಒಂದು ಪಾಲು ಮಾತ್ರ ಒಡಲಿಗೆ ತಲುಪುತ್ತದೆ. ಶೇಕಡ 30 ಇದ್ದಲ್ಲಿ ಆರನೆಯ ಒಂದು ಪಾಲು. ಶೇಕಡ 100 ಇದ್ದಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲೇ ತಲುಪಿಬಿಡುತ್ತದೆ. ಬಿಗಿಯಾದ ಅವಮಂದಕವು ಕಮಾನಿಗೆ ಕುಗ್ಗಲು ಬಿಡುವನ್ನೇ ಕೊಡದೆ, ಗಾಲಿಯನ್ನೂ ಒಡಲನ್ನೂ ಒಂದು ಕೋಲಿನಿಂದ ಕಟ್ಟಿದಂತೆ ವರ್ತಿಸುವುದೇ ಇದಕ್ಕೆ ಕಾರಣ. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸುವ ಗಡಿ ಸಹಜ ಆವೃತ್ತಿಯ 1.41ರಷ್ಟು. ಅದಕ್ಕಿಂತ ಕೆಳಗೆ ಅವಮಂದನ ಉಪಕಾರಿ, ಅದಕ್ಕಿಂತ ಮೇಲೆ ಅಪಕಾರಿ. ಆದ್ದರಿಂದ ಸಾಮಾನ್ಯ ಕಾರುಗಳಲ್ಲಿ ಶೇಕಡ 20ರಿಂದ 40ರ ನಡುವೆ ಒಂದು ಒಪ್ಪಂದಕ್ಕೆ ಬರುತ್ತಾರೆ. ಅಲ್ಲದೆ ಕಮಾನು ಕುಗ್ಗುವಾಗ ತಡೆ ಕಡಿಮೆಯಾಗಿಯೂ ಹಿಗ್ಗುವಾಗ ಹೆಚ್ಚಾಗಿಯೂ ಇರುವಂತೆ ಕವಾಟಗಳನ್ನು ಅಳವಡಿಸುತ್ತಾರೆ. ಉಬ್ಬಿನ ಏಟು ಮೆತ್ತಗೆ ಒಳಬರಲಿ, ಅನಂತರದ ಚಿಮ್ಮುವಿಕೆ ಅಡಗಲಿ ಎಂಬುದು ಉದ್ದೇಶ.

ಬಸ್ಸಿನ ಹಿಂದಿನ ಸಾಲಿನ ಸಂಗತಿಯನ್ನು ನಾವು ಮರೆತಿಲ್ಲ. ಮುಂಗಾಲಿಗಳು ಉಬ್ಬನ್ನು ಹತ್ತಿದ ಸ್ವಲ್ಪ ಹೊತ್ತಿನ ಮೇಲೆ ಹಿಂಗಾಲಿಗಳು ಹತ್ತುತ್ತವೆ. ಹೀಗಾಗಿ ಒಡಲು ಏರಿಳಿಯುವುದಷ್ಟೇ ಅಲ್ಲದೆ ಏತದಂತೆ ಮುಂದು ಹಿಂದಾಗಿಯೂ ತೂಗುತ್ತದೆ. ಈ ಏತದ ನಡುಗಂಬ ಎರಡು ಅಚ್ಚುಗಳ ಮಧ್ಯೆ ಎಲ್ಲಿಯೋ ಇರುವಾಗ, ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ಚಾಚಿಕೊಂಡಿರುವ ಕಡೆಯ ಸಾಲು ಏತದ ತುದಿಯಾಗುತ್ತದೆ. ಚಲನೆ ಅಲ್ಲಿಯೇ ಅತ್ಯಧಿಕ. ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರು 1930ರ ದಶಕದ ಆದಿಯಲ್ಲಿ ಕಾರುಗಳ ಈ ತೂಗಾಟವನ್ನು ವಿವರವಾಗಿ ಅಭ್ಯಾಸ ಮಾಡಿ, ಮುಂದಿನ ಕಮಾನುಗಳು ಹಿಂದಿನವಕ್ಕಿಂತ ಮೆತ್ತಗಿರಬೇಕೆಂದು ತೋರಿಸಿದನು. ತಡವಾಗಿ ಹೊರಟ ಹಿಂಭಾಗವು ಚುರುಕಾಗಿ ತೂಗಿ ಮುಂಭಾಗವನ್ನು ಹಿಂದಟ್ಟಿ ಹಿಡಿದರೆ, ಒಡಲು ಬಹುಬೇಗ ಸಮತಟ್ಟಾಗಿ ಚಲಿಸತೊಡಗುತ್ತದೆ.

ಚಕ್ರದ ಕುಣಿತ

ಇದುವರೆಗೆ ನಾವು ಒಡಲಿನ ಕಥೆಯನ್ನು ಹೇಳಿದೆವು. ಆದರೆ ಚಕ್ರವೂ ಒಂದು ಆಂದೋಲಕವೇ. ಅದರ ಕೆಳಗಿನ ಸ್ಪ್ರಿಂಗು ಗಾಳಿ ತುಂಬಿದ ಟೈರು. ಒಂದು ಕಾರಿನಲ್ಲಿ ಪ್ರತಿ ಚಕ್ರದ ಪಾಲಿಗೆ ಒಡಲಿನ 300 ಕಿಲೋಗ್ರಾಂ ಬರುತ್ತದೆಂದೂ, ಚಕ್ರದ ಮತ್ತು ಅದರ ಜೋಡಣೆಗಳ ರಾಶಿ 40 ಕಿಲೋಗ್ರಾಂ ಎಂದೂ, ಟೈರನ್ನು 1 ಸೆಂಟಿಮೀಟರು ಕುಗ್ಗಿಸಲು 2000 ನ್ಯೂಟನ್ ಬಲ ಬೇಕೆಂದೂ ಇಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಚಕ್ರದ ಸಹಜ ಆವೃತ್ತಿ ಸುಮಾರು 12 ಹರ್ಟ್ಸ್ ಎಂದು ಬರುತ್ತದೆ. ನಿಂತ ಕಾರಿನ ಭಾರದಿಂದ ಆ ಟೈರು ಕುಗ್ಗಿರುವುದು ಕೇವಲ 1.7 ಸೆಂಟಿಮೀಟರು. ಚಕ್ರ ರಸ್ತೆಯಿಂದ ಇದಕ್ಕಿಂತ ಹೆಚ್ಚಾಗಿ ಮೇಲೆದ್ದರೆ ಟೈರಿಗೂ ನೆಲಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ಬ್ರೇಕು ಹಿಡಿಯುವುದೂ, ತಿರುವಿನಲ್ಲಿ ತಿರುಗುವುದೂ ನೆಲದ ಘರ್ಷಣೆಯಿಂದ. ಘರ್ಷಣೆ ಬರುವುದು ಒತ್ತಡದಿಂದ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕು ಹಾಕಿ ಫಲವೇನು?

ಜಲ್ಲಿಯ ಮತ್ತು ಮಣ್ಣಿನ ರಸ್ತೆಗಳಲ್ಲಿ ಅಡ್ಡಡ್ಡಲಾಗಿ ಏಳುವ ಸಣ್ಣ ಅಲೆಗಳನ್ನು ವಾಚಕರು ನೋಡಿರಬಹುದು. ಇಂತಹ ಅಲೆಗಳ ಅಂತರ 75 ಸೆಂಟಿಮೀಟರು ಇದ್ದಲ್ಲಿ, ಗಂಟೆಗೆ ಸುಮಾರು 32 ಕಿಲೋಮೀಟರು ವೇಗದಲ್ಲಿ ಮೇಲಿನ ಕಾರಿನ ಚಕ್ರಗಳು ಅನುರಣನಕ್ಕೆ ಸಿಕ್ಕುತ್ತವೆ. ಕಮಾನುಗಳ ಕುಣಿತದಿಂದಲೇ ಈ ಅಲೆಗಳು ಹುಟ್ಟುತ್ತವೆಂದು ಅನೇಕರ ನಂಬಿಕೆ. ಆದರೆ ಟ್ಯಾಬರ್ಲೆ, ಮಾರಿಸ್ ಮತ್ತು ಮ್ಯಾಕ್‌ಎಲ್ವೇನ್ ಎಂಬ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮರಳಿನ ಹಾಸಿನ ಮೇಲೆ ಕಮಾನಿಲ್ಲದ ಒಂದು ಗಟ್ಟಿ ಚಕ್ರವನ್ನು ಓಡಿಸಿದಾಗಲೂ, ವೇಗವು ಒಂದು ಮಿತಿಯನ್ನು ಮೀರಿದೊಡನೆ ಅಲೆಗಳು ಎದ್ದವು. ಅಲೆಗಳಿಗೆ ಮೂಲ ಕಾರಣ ವೇಗ, ಕಮಾನಲ್ಲ.

ಇಂತಹ ರಸ್ತೆಯಲ್ಲಿ ವೇಗವನ್ನು ಹೆಚ್ಚಿಸಿದರೆ ಕುಲುಕಾಟ ತಗ್ಗುತ್ತದೆಂಬುದು ಚಾಲಕರ ಅನುಭವ. ಅನುರಣನದ ಆವೃತ್ತಿಯನ್ನು ದಾಟಿದ ಮೇಲೆ ಚಕ್ರ ಅಲೆಗಳ ತಗ್ಗಿಗೆ ಇಳಿಯುವಷ್ಟು ಕಾಲವೇ ಇರದೆ ಅವುಗಳ ನೆತ್ತಿಗಳ ಮೇಲಿಂದ ಮೇಲೆ ಹಾರಿಹೋಗುತ್ತದೆ. ಆದ್ದರಿಂದ ಅನುಭವವೇನೋ ನಿಜ. ಆದರೆ ಅಪಾಯ ಅಡಗಿರುವುದು ಅಲ್ಲಿಯೇ. ಆಗ ಟೈರು ನೆಲವನ್ನು ಮುಟ್ಟಿರುವುದು ಕಾಲದ ಒಂದು ಭಾಗ ಮಾತ್ರ. ಕುಳಿತವರಿಗೆ ಹಿತವಾಗಿ ಓಡುತ್ತಿರುವ ಆ ವಾಹನವು ತಿರುವಿನಲ್ಲಿ ಪಕ್ಕಕ್ಕೆ ಜಾರಬಹುದು, ಬ್ರೇಕು ಹಾಕಿದರೆ ಬಹು ದೂರ ಸಾಗಿ ನಿಲ್ಲಬಹುದು. ಹಿತವೂ ಕ್ಷೇಮವೂ ಯಾವಾಗಲೂ ಒಂದೇ ಅಲ್ಲ.

ಒಂದು ಫ್ರೆಂಚ್ ಕಾರಿನ ಉಪಾಯ

ಹಿತವನ್ನೂ ಹಿಡಿತವನ್ನೂ ಒಟ್ಟಿಗೆ ಸಾಧಿಸಲು ಮಾಡಿದ ಯತ್ನಗಳಲ್ಲಿ ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಎಂಬ ಅಗ್ಗದ ಕಾರು ಸ್ಮರಣೀಯವಾದುದು. ಉತ್ತ ಹೊಲದ ಮೇಲೆ ಮೊಟ್ಟೆಯ ಬುಟ್ಟಿಯನ್ನು ಒಡೆಯದಂತೆ ಒಯ್ಯುವ ಬಂಡಿ ರೈತನಿಗೆ ಬೇಕೆಂದು ಆ ಸಂಸ್ಥೆಯ ಮುಖ್ಯಸ್ಥ ಪಿಯೆರ್ ಬೂಲಾಂಜೆ ತನ್ನ ಎಂಜಿನಿಯರುಗಳಿಗೆ ಹೇಳಿದ್ದನೆಂದು ಪ್ರಸಿದ್ಧಿಯಿದೆ. 1948ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರೆದುರಿಗೆ ಬಂದ ಈ ಕಾರಿನ ತಯಾರಿಕೆ 1990ರ ವರೆಗೂ ನಡೆಯಿತು.

ಇದರ ಕಮಾನುಗಳು ಬಹಳ ಮೆತ್ತಗಿದ್ದವು. ಒಡಲಿಗೂ ಚಕ್ರಕ್ಕೂ ನಡುವೆ ಬಿಗಿಯಾದ ಅವಮಂದನವನ್ನಿಟ್ಟರೆ ಒರಟು ಹಾದಿಯ ಏಟೆಲ್ಲ ಮೊಟ್ಟೆಗೆ ತಲುಪುತ್ತದೆ. ಇಡದಿದ್ದರೆ ಚಕ್ರ ಕುಣಿದು ನೆಲವನ್ನು ಬಿಡುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಎಂಜಿನಿಯರುಗಳು ಪ್ರತಿಯೊಂದು ಚಕ್ರಕ್ಕೂ ಒಂದೊಂದು ನೆಟ್ಟನೆಯ ಡಬ್ಬಿಯನ್ನು ಜೋಡಿಸಿ, ಅದರೊಳಗೆ ಸ್ಪ್ರಿಂಗಿನ ಮೇಲೆ ಒಂದು ಲೋಹದ ತೂಕವನ್ನು ಕೂರಿಸಿದರು. ಆ ತೂಕದ ತೂಗಾಟದ ಆವೃತ್ತಿಯನ್ನು ಚಕ್ರದ ಕುಣಿತದ ಆವೃತ್ತಿಗೆ ಹೊಂದಿಸಲಾಗಿತ್ತು. ಚಕ್ರ ಕುಣಿಯತೊಡಗಿದೊಡನೆ ತೂಕವೂ ಅನುರಣನದಿಂದ ಕುಣಿದು, ಚಕ್ರದ ಚಲನೆಗೆ ಎದುರಾಗಿ ಬಲವನ್ನು ಬೀರಿ, ಅದರ ಶಕ್ತಿಯನ್ನು ತಾನೇ ಕಸಿದುಕೊಂಡು ಕಳೆಯುತ್ತಿತ್ತು. ಒಡಲಿನ ಆಶ್ರಯವಿಲ್ಲದೆ ಚಕ್ರದಲ್ಲಿಯೇ ಚಕ್ರದ ಕುಣಿತವನ್ನು ಅಡಗಿಸಿದ ಜಾಣ್ಮೆ ಇದು. ಎಲ್ಲೆಡೆ ಶತ್ರುವಾಗಿ ಕಾಣುವ ಅನುರಣನವನ್ನೇ ಇಲ್ಲಿ ಸೇವಕನನ್ನಾಗಿ ಮಾಡಿಕೊಂಡಿದ್ದರು.

ನಮ್ಮ ಕೈಯಲ್ಲಿರುವುದು

ಅವಮಂದಕ ಒಂದೇ ದಿನದಲ್ಲಿ ಕೆಡುವುದಿಲ್ಲ. ಎಣ್ಣೆ ತೊಟ್ಟು ತೊಟ್ಟಾಗಿ ಸೋರಿ, ಕವಾಟಗಳು ಸವೆದು, ಶೇಕಡ 30 ಇದ್ದ ಅವಮಂದನ ಸದ್ದಿಲ್ಲದೆ 10ಕ್ಕೆ ಇಳಿಯುತ್ತದೆ. ಬದಲಾವಣೆ ಮೆಲ್ಲಮೆಲ್ಲನೆ ಆಗುವುದರಿಂದ ಚಾಲಕನಿಗೆ ಅದು ಅಭ್ಯಾಸವಾಗಿಬಿಡುತ್ತದೆ. ಎಂಜಿನು ಕೆಟ್ಟರೆ ವಾಹನ ನಿಲ್ಲುತ್ತದೆ. ಅವಮಂದಕ ಕೆಟ್ಟರೆ ವಾಹನ ಓಡುತ್ತಲೇ ಇರುತ್ತದೆ, ಬೇಕಾದಾಗ ನಿಲ್ಲುವುದಿಲ್ಲ. ಆದಕಾರಣ ಇದನ್ನು ಆಗಾಗ್ಗೆ ಪರೀಕ್ಷಿಸುವುದು ಅವಶ್ಯಕ. ನಿಂತ ಕಾರಿನ ಒಂದು ಮೂಲೆಯನ್ನು ಕೈಯಿಂದ ಬಲವಾಗಿ ಅದುಮಿ ಬಿಡಬೇಕು. ಮೇಲಕ್ಕೆ ಬಂದು, ಒಮ್ಮೆ ಸ್ವಲ್ಪ ಮೀರಿ, ಮರಳಿ ನಿಂತರೆ ಒಳ್ಳೆಯದು. ಎರಡು ಮೂರು ಬಾರಿ ತೂಗಿದರೆ ಅವಮಂದಕ ಬಹಳ ಸವೆದಿದೆ ಎಂದು ತಿಳಿಯಬೇಕು. ಕೊಳವೆಯ ಹೊರಮೈಯಲ್ಲಿ ಎಣ್ಣೆಯ ಪಸೆ ಕಂಡರೂ ಅದೇ ಸೂಚನೆ. ದ್ವಿಚಕ್ರ ವಾಹನಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು. ಅಲ್ಲಿ ನೆಲವನ್ನು ಹಿಡಿದಿರುವುದು ಎರಡೇ ಟೈರುಗಳು.

ಕುಲುಕಾಟವನ್ನು ನಿರ್ಧರಿಸುವ ಸಂಗತಿಗಳು ಮೂರು: ರಸ್ತೆಯ ಅಲೆ, ವಾಹನದ ಕಮಾನು ಮತ್ತು ಅವಮಂದಕ, ಓಟದ ವೇಗ. ರಸ್ತೆಯನ್ನು ಕಟ್ಟುವವರು ಬೇರೆ, ವಾಹನವನ್ನು ಕಟ್ಟುವವರು ಬೇರೆ. ಆ ಗಳಿಗೆಯಲ್ಲಿ ಚಾಲಕನ ಅಧೀನದಲ್ಲಿರುವುದು ವೇಗವೊಂದೇ. ಮುಂದಿನ ಬಾರಿ ಬಸ್ಸಿನ ಕಡೆಯ ಸಾಲಿನಲ್ಲಿ ಕುಳಿತಾಗ, ಉಬ್ಬು ದಾಟಿದ ಮೇಲೆ ಬಸ್ಸು ಎಷ್ಟು ಬಾರಿ ತೂಗಿತೆಂದು ವಾಚಕರು ಎಣಿಸಲಿ. ಆ ಎಣಿಕೆಯೇ ಬಸ್ಸಿನ ಅಡಿಯಲ್ಲಿರುವ ಎಣ್ಣೆಯ ಕೊಳವೆಗಳ ಆರೋಗ್ಯವನ್ನು ತಿಳಿಸುತ್ತದೆ.